ಎದೆಯಲ್ಲಿ ಬೆಚ್ಚಗಿಟ್ಟ ಪೆಟ್ಟಿಗೆ

ತ್ಸಗಾನ್ ಖಾದ್, ದಕ್ಷಿಣ ಗಡಿ
ಡಿಸೆಂಬರ್ 19

ಉರ್ನಾ,

ಚಳಿಗಾಲ ಸುಖವಾಗಿ ಕಳೆಯುತ್ತಿದೆಯೇ? ಕುರಿಗಳ ಮೈಮೇಲೆ ಕೊಬ್ಬು ನಿಂತಿದೆಯೇ? ಅಪ್ಪನ ಮೊಣಕಾಲು ಹೇಗಿದೆ? ಬರಬೇಕಾದವರು ಹೊಟ್ಟೆಯೊಳಗೆ ಒದೆಯುತ್ತಿದ್ದಾರೆಯೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಕಲ್ಲಿದ್ದಲು ಲಾರಿಗಳ ಸಾಲು ಎಂದಿನಂತೆ ಇದೆ. ಮುಂದೆ ನೋಡಿದರೂ ಲಾರಿ, ಹಿಂದೆ ನೋಡಿದರೂ ಲಾರಿ.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ನಗರದವರೆಗೆ ನನ್ನ ಗೆಳೆಯ ಒಯ್ಯುತ್ತಾನೆ, ಅಲ್ಲಿಂದ ನಮ್ಮ ಕಡೆಗೆ ಓಡುವ ಶಾರವ್ ಅಣ್ಣನ ಬಾಡಿಗೆ ವ್ಯಾನು. ಬಿಚ್ಚಿ ನೋಡಿ ನಗಬೇಡ. ಇಟ್ಟಿಗೆಯಂತೆ ಒತ್ತಿದ ಚಹಾವನ್ನು ಅರ್ಧ ಮುರಿದಷ್ಟೇ ಇರುವ ಒಂದು ಪೆಟ್ಟಿಗೆ, ಎರಡು ತಂತಿ, ತಂತಿಗಳ ತುದಿಗೆ ಎರಡು ಹಿಡಿಕೆ. ಜಂಪ್ ಸ್ಟಾರ್ಟರ್ ಎನ್ನುತ್ತಾರೆ. ಚಳಿಗೆ ಸತ್ತ ಬ್ಯಾಟರಿಯ ಗಾಡಿಯನ್ನು ಇದು ಎಬ್ಬಿಸುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. 

ಅಪ್ಪನಿಗೆ ಓದಿ ಹೇಳು. ಕೆಂಪು ಹಿಡಿಕೆ ಬ್ಯಾಟರಿಯ ಕೂಡು ಗುರುತಿಗೆ. ಕಪ್ಪು ಹಿಡಿಕೆ ಎಂಜಿನ್ನಿನ ಬರಿ ಕಬ್ಬಿಣಕ್ಕೆ. ಎರಡು ಹಿಡಿಕೆಗಳು ಒಂದನ್ನೊಂದು ಮುಟ್ಟಬಾರದು. ಬ್ಯಾಟರಿ ಹೆಪ್ಪುಗಟ್ಟಿದ್ದರೆ ಹಾಕಲೇಬೇಡಿ, ಸಿಡಿಯುತ್ತದೆ. ಮೊದಲು ಒಳಗೆ ತಂದು ಕರಗಿಸಬೇಕು. ಹಿಡಿಕೆ ಹಾಕಿ, ಸ್ವಲ್ಪ ಕಾದು, ಆಮೇಲೆ ಕೀಲಿ ತಿರುಗಿಸುವುದು. ಪೆಟ್ಟಿಗೆಯ ಹೊಟ್ಟೆ ತುಂಬಿಸಲು ಸೋಲಾರ್‌ನ ತಂತಿ ಸಾಕು.

ನೀನು ಬೆಟ್ಟ ಹತ್ತಿ ಫೋನ್ ಮಾಡಲು ಹೋಗಬೇಡ. ಅಪ್ಪ ಹತ್ತಿದರೂ "ಜಾನುವಾರು ಚೆನ್ನಾಗಿವೆ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ. ಅಷ್ಟರಲ್ಲಿ ಚಳಿಗೆ ಫೋನೂ ಸಾಯುತ್ತದೆ. ಬರೆಯುವುದೇ ಮೇಲು.

ಆಸ್ಪತ್ರೆಗೆ ಹೋಗುವ ದಿನ ನಮ್ಮ ಹಳೆಯ ವ್ಯಾನು ಹೊರಡಲೇಬೇಕು. ನನಗೆ ಇರುವುದು ಇದೊಂದೇ ಯೋಚನೆ.

ನಿನ್ನ ತುಮೆನ್

---

ಇದೆರ್ ನದಿಯ ಚಳಿಗಾಲದ ಬೀಡು
ಡಿಸೆಂಬರ್ 30, ಮೊದಲನೇ ಒಂಬತ್ತು ಮುಗಿಯುವ ದಿನ

ತುಮೆನ್,

ನಾವು ಚಳಿಗಾಲ ಚೆನ್ನಾಗಿ ಕಳೆಯುತ್ತಿದ್ದೇವೆ. ನೀನು ಚೆನ್ನಾಗಿದ್ದೀಯಾ? ಚಳಿಯ ಒಂಬತ್ತು ಒಂಬತ್ತುಗಳಲ್ಲಿ ಒಂದು, ಅಂದರೆ ಮೊದಲ ಒಂಬತ್ತು ದಿನ, ಮುಗಿಯಿತು. ಇನ್ನು ಎಂಟು. ನೀನು ಗಡಿಯಲ್ಲಿ ಕ್ಯಾಲೆಂಡರ್ ನೋಡುತ್ತೀಯೇನೋ, ನಾನು ಮಾತ್ರ ಹೀಗೇ ಎಣಿಸುತ್ತೇನೆ.

ಪೊಟ್ಟಣ ಬಂತು. ಶಾರವ್ ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಅವನು ಹೋಗುವಷ್ಟರಲ್ಲಿ ಪಕ್ಕದ ಗುಡಾರದ ಖಾಂದಾ ಅಜ್ಜಿಯ ಮನೆಯವರೆಲ್ಲ ನಮ್ಮ ಗುಡಾರದೊಳಗೆ ಇದ್ದರು. ಅಜ್ಜಿ ಕೇಳಿದಳು, "ಇದೇನೇ ಹುಡುಗಿ, ಸಾಬೂನಾ?" ನಾನು ಹೇಳಿದೆ, ಇದು ಗಾಡಿ ಎಬ್ಬಿಸುತ್ತೆ ಅಜ್ಜಿ ಅಂತ. "ಗಾಡಿ ಎಬ್ಬಿಸೋದಿರ್ಲಿ, ನಮ್ಮ ಯಜಮಾನ್ರನ್ನ ಬೆಳಿಗ್ಗೆ ಎಬ್ಬಿಸುತ್ತಾ ಕೇಳು" ಅಂದಳು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಪೆಟ್ಟಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಭಾರ ನೋಡಿದರು. ಕಿವಿಯ ಹತ್ತಿರ ತಂದರು. ಮೂಸಿದರು. ಆಮೇಲೆ ಗುಂಡಿ ಒತ್ತಿದಾಗ ನಾಲ್ಕು ಹಸಿರು ದೀಪ ಹೊತ್ತಿದವು.  ಒಲೆಯ ಸದ್ದು ಮಾತ್ರ ಕೇಳುತ್ತಿತ್ತು. ಅಷ್ಟು ಚಿಕ್ಕದರೊಳಗೆ ಅಷ್ಟು ದೊಡ್ಡ ಗಾಡಿಯನ್ನು ಎಬ್ಬಿಸುವ ಶಕ್ತಿ ಮಲಗಿದೆ ಎಂದರೆ, ತುಮೆನ್, ನನಗೆ ಮೈ ಜುಮ್ಮೆಂದಿತು. ನನ್ನ ಹೊಟ್ಟೆಯಲ್ಲಿರುವವರ ನೆನಪೂ ಬಂತು. ಯಾಕೆಂದು ಗೊತ್ತಿಲ್ಲ.

ಅಪ್ಪ ಅದನ್ನು ಮಗ ಕಳಿಸಿದ ವಸ್ತು ಎಂದು ಖೊಯ್ಮೊರಿನಲ್ಲಿ ಇಟ್ಟಿದ್ದಾರೆ. ಬಾಗಿಲಿಗೆ ಎದುರಾಗಿ, ಉತ್ತರದ ಗೋಡೆಯ ಕಡೆ, ದೇವರ ಪಟಗಳ ಮುಂದೆ, ನಿನ್ನ ಅಜ್ಜನ ಕುದುರೆಯ ತಡಿಯ ಪಕ್ಕದಲ್ಲಿ. ನೀಲಿ ರೇಷ್ಮೆಯ ವಸ್ತ್ರವನ್ನೂ ಸುತ್ತಿದ್ದಾರೆ. ಬೆಳಿಗ್ಗೆ ಮೊದಲ ಚಹಾದ ಹನಿ ದೇವರಿಗೆ, ಎರಡನೆಯದು ಅದಕ್ಕೆ. ನಾನು ಸೊಸೆ. ಅಷ್ಟು ಮೇಲಕ್ಕೆ ಹೋಗುವಂತಿಲ್ಲ ಎಂದು ನಿನಗೆ ಗೊತ್ತೇ ಇದೆ. ಬಾಗಿಲ ಬದಿಯಲ್ಲಿ ಕೂತು ನೋಡುತ್ತೇನೆ. ಬಹಳ ಚೆನ್ನಾಗಿ ಕಾಣುತ್ತದೆ.

ನಮ್ಮ ವ್ಯಾನು ವಿಶ್ರಾಂತಿ ತೆಗೆದುಕೊಳ್ಳುತ್ತಿದೆ. ಆಸ್ಪತ್ರೆಯ ಅಕ್ಕ ಐದನೇ ಒಂಬತ್ತಿನ ಹೊತ್ತಿಗೆ ಬಂದು ಅಲ್ಲೇ ಉಳಿದುಕೊಳ್ಳಲು ಹೇಳಿದ್ದಾರೆ. ಇನ್ನೂ ಸಮಯ ಇದೆ.

ಒಂದು ವಿಷಯ. ನೀನೂ ನಾನೂ ನಾಲ್ಕನೇ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವರು. ಆಮೇಲೆ ನಾನು ಕುರಿಗಳ ಹಿಂದೆ ಹೋದೆ, ನೀನು ಇನ್ನೆರಡು ವರ್ಷ ಕೂತೆ. ಎಷ್ಟು ಕೂತರೂ ನಿನ್ನ ಅಕ್ಷರ ಆಡಿನ ಗೊರಸಿನ ಗುರುತಿನಂತೆಯೇ ಇತ್ತು. ಈ ಪತ್ರದ ಅಕ್ಷರ ದುಂಡಗಿದೆ. ಯಾರು ಬರೆದದ್ದು?

ಉರ್ನಾ

---

ತ್ಸಗಾನ್ ಖಾದ್
ಜನವರಿ 6

ಉರ್ನಾ,

ಸುಖವಾಗಿದ್ದೀರಿ ಎಂದು ಓದಿ ನಿಟ್ಟುಸಿರು ಬಿಟ್ಟೆ. ಇಲ್ಲಿಯೂ ಸುಖ. ಗಾಳಿ ಮಾತ್ರ ಕಲ್ಲಿದ್ದಲ ಪುಡಿಯನ್ನು ಹೊತ್ತು ತಂದು ಚಹಾದ ಬಟ್ಟಲಿಗೆ ಹಾಕುತ್ತದೆ. ನಾವು ಅದನ್ನು ಮೆಣಸು ಎಂದುಕೊಂಡು ಕುಡಿಯುತ್ತೇವೆ.

ಅಪ್ಪ ಪೆಟ್ಟಿಗೆಯನ್ನು ಖೊಯ್ಮೊರಿನಲ್ಲಿ ಇಟ್ಟರು ಎಂದು ಓದಿದಾಗ ನನ್ನ ಕಣ್ಣು ತುಂಬಿತು. ನನ್ನ ವಸ್ತು ಯಾವುದನ್ನೂ ಅವರು ಅಷ್ಟು ಮೇಲೆ ಇಟ್ಟದ್ದಿಲ್ಲ. ಶಾಲೆಯಲ್ಲಿ ನನಗೆ ಬಂದ ಪದಕವೂ ಪಾತ್ರೆಗಳ ಪೆಟ್ಟಿಗೆಯ ಮೇಲೆಯೇ ಇತ್ತು. ಅಲ್ಲೇ ಇರಲಿ. ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ?

ವ್ಯಾನು ವಿಶ್ರಾಂತಿಯಲ್ಲಿದೆ ಎಂದರೆ ಅಪ್ಪ ಪೆಟ್ರೋಲ್ ಉಳಿಸುತ್ತಿದ್ದಾರೆ. ಒಳ್ಳೆಯದು. ಆದರೂ ಒಮ್ಮೆ ಪೆಟ್ಟಿಗೆ ಹಾಕಿ ನೋಡಿರಿ. ಹೊಸ ಕುದುರೆಯನ್ನು ಮದುವೆಯ ದಿನವೇ ಮೊದಲು ಹತ್ತುವುದು ಬೇಡ.

ಪತ್ರ ಬರೆದವಳು ದೆನ್ಸ್ಮಾ. ಇಲ್ಲಿ ಲಾರಿಯವರಿಗೆ ಊಟದ ಅಂಗಡಿ ಇಟ್ಟುಕೊಂಡಿದ್ದಾಳೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ನನಗೆ ಕೂತು ಬರೆಯಲು ಪುರುಸೊತ್ತಿಲ್ಲ. ಅವಳ ಅಕ್ಷರ ನಿನಗೆ ಹಿಡಿಸಿದ್ದು ಕೇಳಿ ಅವಳಿಗೆ ಸಂತೋಷವಾಯಿತು. "ಗೊರಸಿನ ಗುರುತಿಗಿಂತ ವಾಸಿ ಅಲ್ವಾ ಅಂತ ನಿನ್ನ ಹೆಂಡ್ತಿನ ಕೇಳು" ಎನ್ನುತ್ತಿದ್ದಾಳೆ.

ತುಮೆನ್

---

ಇದೆರ್ ನದಿ
ಜನವರಿ 13, ಮೂರನೇ ಒಂಬತ್ತು

ತುಮೆನ್,

ಚೆನ್ನಾಗಿದ್ದೇವೆ.

ದೆನ್ಸ್ಮಾ ಎಂಬವರು ಚೆನ್ನಾಗಿ ಬರೆಯುತ್ತಾರೆ. ಕಣ್ಣು ತುಂಬಿತು ಎಂದು ನೀನು ಹೇಳಿದ್ದನ್ನೂ ಅವರೇ ಬರೆದಿದ್ದಾರೆ. ಗಂಡ ಹೆಂಡತಿಯ ನಡುವಿನ ಮಾತಿಗೆ ಮೂರನೆಯ ಕೈ ಬೇಕಾದಷ್ಟು ಕೆಲಸ ಅಲ್ಲಿ ಇದ್ದರೆ ಇರಲಿ. ಈ ಪತ್ರವನ್ನೂ ಅವರೇ ನಿನಗೆ ಓದಿ ಹೇಳುತ್ತಾರೇನೋ. ಹೇಳಲಿ. ಕೇಳಿಸಿಕೊಳ್ಳಿ ದೆನ್ಸ್ಮಾ ಅಕ್ಕಾ, ನೀವೂ ಚಳಿಗಾಲ ಸುಖವಾಗಿ ಕಳೆಯಿರಿ.

ಯಾರೇ ಕೇಳಿದರೂ ಮೊದಲು ಚೆನ್ನಾಗಿದ್ದೇವೆ ಎನ್ನಬೇಕು, ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ ಅದು ಬಂದೇ ಬರುತ್ತದೆ ಎಂದು ನಮಗೆ ಕಲಿಸಿದ್ದಾರೆ. ಅದಕ್ಕೇ ಹಿಂದಿನ ಪತ್ರದಲ್ಲಿ ವಿಶ್ರಾಂತಿ ಎಂದು ಬರೆದೆ. ಅಪ್ಪನೂ ಹಾಗೆಯೇ ಹೇಳುತ್ತಿದ್ದರು. ಈಗ ಹೆಸರು ಹಿಡಿದೇ ಬರೆಯುತ್ತೇನೆ. ವ್ಯಾನು ಏಳುತ್ತಿಲ್ಲ. ಡಿಸೆಂಬರಿನಲ್ಲಿ ಒಂದು ಸಂಜೆ ಅಪ್ಪ ತಪ್ಪಿಹೋದ ಕುದುರೆಗಳನ್ನು ಹುಡುಕಲು ಹೋದರು. ಆವತ್ತು ಬ್ಯಾಟರಿಯನ್ನು ಬಿಚ್ಚಿ ಗುಡಾರದೊಳಗೆ ತರುವವರಿಲ್ಲದೆ ಹೋಯಿತು. ನಾನು ಎತ್ತಲಾರೆ. ಬೆಳಿಗ್ಗೆ ಅದು ಕಲ್ಲಾಗಿತ್ತು. ಒಲೆಯ ಪಕ್ಕದಲ್ಲಿ ಇಟ್ಟು ಕರಗಿಸಿದೆವು. ಒಡೆದಿರಲಿಲ್ಲ. ಆದರೆ ಜೀವ ಮರಳಲಿಲ್ಲ.

ಮೊನ್ನೆ ನೀನು ಹೇಳಿದಂತೆ ಪೆಟ್ಟಿಗೆ ಹಾಕಿ ನೋಡಿದರು. ಅಪ್ಪ ಹೊಸ ನಿಲುವಂಗಿ ತೊಟ್ಟು, ನೀಲಿ ವಸ್ತ್ರ ಬಿಚ್ಚಿ, ಎರಡು ಕೈಯಲ್ಲಿ ಎತ್ತಿಕೊಂಡು ಹೊರಟರು. ಖಾಂದಾ ಅಜ್ಜಿಯ ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ಕೆಂಪು ಕೆಂಪಿಗೆ, ಕಪ್ಪು ಕಬ್ಬಿಣಕ್ಕೆ. ಕೀಲಿ ತಿರುಗಿಸಿದರು. ಟಕ್ ಎಂದಿತು, ಅಷ್ಟೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಎರಡು ಸಲ ಮಿಣುಕಿ ಆರಿಹೋಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಪ್ಪ ಅದನ್ನು ಒಳಗೆ ತಂದು, ಮತ್ತೆ ವಸ್ತ್ರ ಸುತ್ತಿ, ಇದ್ದಲ್ಲೇ ಇಟ್ಟರು. ಚಹಾವನ್ನೂ ಕುಡಿಯಲಿಲ್ಲ.

ಅವರು ಅದನ್ನು ಒಯ್ಯುವಾಗ ನನ್ನ ಪಕ್ಕದಲ್ಲೇ ಹಾದುಹೋದರು. ಪೆಟ್ಟಿಗೆಯ ತುದಿ ನನ್ನ ಕೈಗೆ ತಗುಲಿತು. ಹೊರಗಿನ ಕಲ್ಲಿಗಿಂತ ತಣ್ಣಗಿತ್ತು. ಒಲೆ ಆರಿದ ಮೇಲೆ ಉತ್ತರದ ಗೋಡೆಯ ಹತ್ತಿರ ಬಟ್ಟಲಿನ ನೀರೂ ಹೆಪ್ಪುಗಟ್ಟುತ್ತದೆ. ನನಗೆ ಒಂದು ಮಾತು ಬಾಯಿಯವರೆಗೂ ಬಂತು. ಆದರೆ ನಾನು ಅವರ ಹೆಸರನ್ನೂ ಬಾಯಲ್ಲಿ ಹೇಳದ ಸೊಸೆ. ದೇವರ ಪಕ್ಕದಲ್ಲಿ ಇಟ್ಟದ್ದನ್ನು ಅಲ್ಲಿಂದ ತೆಗೆಯಿರಿ ಎಂದು ಹೇಗೆ ಹೇಳಲಿ?

ನಿನ್ನ ಪೆಟ್ಟಿಗೆಯೂ ನಿನ್ನ ಪತ್ರಗಳ ಹಾಗೆ. ನೋಡಲು ಚಂದ.

ಉರ್ನಾ

ಕಾಲು ಬಾತಿವೆ. ಬರೆಯಬಾರದು ಎಂದುಕೊಂಡಿದ್ದೆ.

---

ತ್ಸಗಾನ್ ಖಾದ್
ಜನವರಿ 20

ಉರ್ನಾ,

ಇದು ನನ್ನದೇ ಅಕ್ಷರ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಸಾಲುಗಳು ಬೆಟ್ಟ ಹತ್ತಿ ಇಳಿಯುತ್ತಿವೆ. ತಾಳ್ಮೆಯಿಂದ ಓದು. ದೆನ್ಸ್ಮಾಳಿಗೆ ಮೊಮ್ಮಕ್ಕಳಿದ್ದಾರೆ. ನಿನ್ನ ಪತ್ರವನ್ನು ಅವಳು ಓದಲಿಲ್ಲ, ನಾನೇ ಓದಿದೆ. ನನ್ನ ಮುಖ ನೋಡಿ ಅವಳು, "ಏನೋ, ಹೆಂಡ್ತಿ ಸರಿಯಾಗಿ ಉಗಿದಿದ್ದಾಳಾ? ಚೆನ್ನಾಗಾಯ್ತು. ಮೊದಲ ದಿನವೇ ಹೇಳಿದ್ದೆ, ನಿಜ ಬರೆಸು ಅಂತ" ಎಂದಳು.

ನಿಜ ಇದು. ನವೆಂಬರ್ ಕೊನೆಯಲ್ಲಿ ಗಡಿಯಿಂದ ಖಾಲಿ ಲಾರಿ ತರುತ್ತಿದ್ದಾಗ ಗಾಳಿ ಎದ್ದಿತು. ಮಧ್ಯಾಹ್ನವೇ ಕತ್ತಲಾಯಿತು. ರಸ್ತೆ ಬಿಟ್ಟು ಇಳಿದುಬಿಟ್ಟೆ. ಎಂಜಿನ್ ನಿಂತಿತು. ಮತ್ತೆ ಏಳಲಿಲ್ಲ. ಬ್ಯಾಟರಿಯ ಬೋಲ್ಟ್ ಸಡಿಲವಾಗಿರಬಹುದು ಎಂದು ಕೈಗವಸು ತೆಗೆದು ತಿರುಗಿಸಲು ಹೋದೆ. ಬೆರಳು ಕಬ್ಬಿಣಕ್ಕೆ ಅಂಟಿಕೊಂಡವು. ಬಿಡಿಸಿಕೊಂಡೆ, ಆದರೆ ಮತ್ತೆ ಅವು ಬೆಚ್ಚಗಾಗಲಿಲ್ಲ. ಕ್ಯಾಬಿನ್ನಿನಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಚಳಿಯೇ ಅನಿಸಲಿಲ್ಲ. ಹಾಯಾಗಿ ನಿದ್ದೆ ಬರುತ್ತಿತ್ತು. ಅದು ಎಚ್ಚರವಾಗದ ನಿದ್ದೆ ಎಂದು ನಿನಗೂ ಗೊತ್ತು.

ಆಗ ಯಾರೋ ಬಾಗಿಲು ಬಡಿದರು. ಒಬ್ಬ ಲಾರಿಯವನು, ಮುಖ ತುಂಬ ಹಿಮ. "ಏಯ್, ಮಲಗ್ಬೇಡವೋ! ನನಗೆ ಒಂದು ಹಾಡು ಹಾಡು, ಕೆಟ್ಟದಾಗಿ ಹಾಡಿದ್ರೂ ಪರವಾಗಿಲ್ಲ" ಎಂದ. ನಾನು ಹಾಡುತ್ತಾ ಇದ್ದೆ, ಅವನು ತನ್ನ ತುಪ್ಪಳದ ಕೋಟಿನ ಗುಂಡಿ ಬಿಚ್ಚಿದ. ಒಳಗೆ ಒಂದು ಕುರಿಮರಿ ಇದೆ ಎಂದುಕೊಂಡೆ. ನಮ್ಮ ಕಡೆ ವಸಂತದಲ್ಲಿ ಹಿಮದಲ್ಲಿ ಹುಟ್ಟಿದ ಮರಿಯನ್ನು ಎದೆಯಲ್ಲಿ ಇಟ್ಟುಕೊಂಡು ಬರುವುದಿಲ್ಲವೇ, ಹಾಗೆಯೇ ಅವನು ಅದನ್ನು ತಬ್ಬಿಕೊಂಡಿದ್ದ. ಹೊರಗೆ ತೆಗೆದಾಗ ಅದು ಪೆಟ್ಟಿಗೆ. ದೊಡ್ಡ ಲಾರಿಗಳ ಪೆಟ್ಟಿಗೆ, ದಪ್ಪನೆಯದು. ನಾನು ನಿನಗೆ ಕಳಿಸಿದ್ದು ಅದರ ಮರಿ. ನನ್ನ ಸರಿಯಿದ್ದ ಎಡಗೈಗೆ ಅದನ್ನು ಕೊಟ್ಟು, "ಹಿಡಿ, ಬೀಳಿಸ್ಬೇಡ" ಎಂದ. ಬೆಚ್ಚಗಿತ್ತು ಉರ್ನಾ. ಸುತ್ತ ಎಲ್ಲವೂ ಸತ್ತಿದ್ದ ಆ ಜಾಗದಲ್ಲಿ ಅದೊಂದು ಬೆಚ್ಚಗಿತ್ತು. ಆಮೇಲೆ ಲಾರಿ ಎದ್ದಿತು. ಅವನ ಹೆಸರು ಕೇಳುವುದನ್ನು ಮರೆತೆ.

ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿದರು. ಲಾರಿ ಬಿಟ್ಟು ಈಗ ದೆನ್ಸ್ಮಾಳ ಅಂಗಡಿಯ ಒಲೆ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಅವಳ ದೊಡ್ಡ ಪೆಟ್ಟಿಗೆಯನ್ನು ಎದೆಯಲ್ಲಿ ಇಟ್ಟುಕೊಂಡು ಸಾಲಿನುದ್ದಕ್ಕೂ ಹೋಗಿ ಲಾರಿಗಳನ್ನು ಎಬ್ಬಿಸುತ್ತೇನೆ. ಬರಬೇಕಾದವರು ಬರುವ ಮೊದಲು ಇದನ್ನು ನಿನಗೆ ತಿಳಿಸಬಾರದು ಎಂದುಕೊಂಡಿದ್ದೆ.

ಇಷ್ಟೆಲ್ಲ ಮುಚ್ಚಿಡುವ ಭರದಲ್ಲಿ ಮುಖ್ಯವಾದದ್ದನ್ನೇ ಬರೆಯದೆ ಹೋದೆ. ಪೆಟ್ಟಿಗೆ ಬೆಚ್ಚಗಿರಬೇಕು. ತಣ್ಣಗಾದರೆ ಅದಕ್ಕೂ ಕೈಕಾಲು ಆಡುವುದಿಲ್ಲ. ಒಲೆಯ ಮೇಲೆ ಇಡಬೇಡಿ, ಕೆಡುತ್ತದೆ. ಎದೆಯಲ್ಲಿ ಇಡಬೇಕು. ಖೊಯ್ಮೊರಿನಲ್ಲೇ ಇರಲಿ ಎಂದು ನಾನೇ ಬರೆದೆನಲ್ಲ, ಮೂರ್ಖ. ಅಪ್ಪನಿಗೆ ಹೇಳು. ನೀನು ಹೇಳಲಾರೆಯಾದರೆ ಈ ಪತ್ರವನ್ನು ಓದು, ನಾನೇ ಹೇಳಿದ ಹಾಗೆ ಆಗುತ್ತದೆ.

ಈ ಪತ್ರ ಬೇಗ ಬಂದು ಸೇರಲಿ.

ತುಮೆನ್

---

ನಮ್ಮ ತಾಲೂಕಿನ (ಸೋಮ್‌ನ) ಆಸ್ಪತ್ರೆ
ಜನವರಿ 29, ಐದನೇ ಒಂಬತ್ತು

ತುಮೆನ್,

ಅಪ್ಪ ಫೋನ್ ಮಾಡಿದಾಗ ನಿನಗೆ ಕೇಳಿಸಿದ್ದು ಒಂದು ಅಳು ಮತ್ತು "ಚೆನ್ನಾಗಿದ್ದೇವೆ" ಎನ್ನುವ ಒಂದು ಮಾತು. ಅಷ್ಟರಲ್ಲಿ ಲೈನ್ ಹೋಯಿತು. ಉಳಿದದ್ದನ್ನು ಬರೆಯುತ್ತೇನೆ. ನಿನ್ನ ಎಡಗೈಯ ಪತ್ರ ಮೊನ್ನೆ ನನ್ನ ಕೈ ಸೇರಿತು. ಎಲ್ಲ ಆದ ಮೇಲೆ. ಆದರೂ ಬಂತು.

ನಾಲ್ಕನೇ ಒಂಬತ್ತಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಚಹಾ ಕುದಿಸುತ್ತಿದ್ದಾಗ ಸೊಂಟದಲ್ಲಿ ನೋವು ಬಂತು. ಬೇಗ ಬಂತು. ನಾನು ಸೌಟನ್ನು ಹಿಡಿದುಕೊಂಡೇ ನಿಂತೆ. ಅಪ್ಪ ನೋಡಿದರು.  ಟೋಪಿ ಹಾಕಿಕೊಂಡು ಬೆಟ್ಟ ಹತ್ತಿದರು. ಇಳಿದು ಬಂದಾಗ ರೆಪ್ಪೆಗಳೆಲ್ಲ ಬಿಳಿಯಾಗಿದ್ದವು. ಆಸ್ಪತ್ರೆಯವರು ಹಲೋ ಎನ್ನುವಷ್ಟರಲ್ಲಿ ಫೋನು ಸತ್ತಿತ್ತು. ಖಾಂದಾ ಅಜ್ಜಿ ಓಡಿ ಬಂದಳು. "ನಾಲ್ಕು ಹೆತ್ತಿದ್ದೀನಿ, ನಲವತ್ತು ಹೆರಿಗೆ ನೋಡಿದ್ದೀನಿ. ಇದು ಅಡ್ಡ ಇದೆ. ಇಲ್ಲಿ ಆಗಲ್ಲ" ಎಂದಳು. ಆ ಅಜ್ಜಿಯ ಬಾಯಲ್ಲಿ ಆವತ್ತು ಒಂದು ತಮಾಷೆಯೂ ಬರಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಅಜ್ಜಿಯ ಮನೆಯಲ್ಲಿ ಇರುವುದು ಮೋಟರ್ ಸೈಕಲ್ಲು. ಕುದುರೆಯ ಮೇಲೆ ನಾನು ಕೂರಲಾರೆ. ವ್ಯಾನು ಏಳಲೇಬೇಕಾಗಿತ್ತು.

ಅಪ್ಪ ಒಲೆಯಿಂದ ಸಗಣಿಯ ಕೆಂಡವನ್ನು ಬಾಣಲೆಗೆ ತುಂಬಿಸಿ ಎಂಜಿನ್ನಿನ ಕೆಳಗೆ ತಳ್ಳಿದರು. ಮೇಲೆ ಉಣ್ಣೆ ಹೊದಿಸಿದರು. ಒಲೆಯ ಪಕ್ಕದ ಬ್ಯಾಟರಿಯನ್ನು ಹೊತ್ತು ಹೋಗಿ ಜೋಡಿಸಿದರು. ಅಜ್ಜಿ ನನಗೆ ಹೊದಿಕೆ ತರಲು ತನ್ನ ಗುಡಾರಕ್ಕೆ ಹೋದಳು. ನಾನು ಒಬ್ಬಳೇ. ಖೊಯ್ಮೊರಿನಲ್ಲಿ ಪೆಟ್ಟಿಗೆ ನೀಲಿ ವಸ್ತ್ರ ಸುತ್ತಿಕೊಂಡು ಕೂತಿತ್ತು. ಅದರ ಮೇಲೆ ಮಂಜಿನ ಸಣ್ಣ ಹೂವುಗಳು ಮೂಡಿದ್ದವು. ದೇವರ ಪಟದ ಗಾಜಿನ ಮೇಲೂ ಅವೇ ಹೂವುಗಳು.

ಮದುವೆಯಾಗಿ ಬಂದ ಮೇಲೆ ನಾನು ಒಲೆಯನ್ನು ದಾಟಿ ಆ ಕಡೆಗೆ ಹೋದವಳಲ್ಲ. ಆವತ್ತು ಹೋದೆ.  ದೇವರ ಕಡೆ ಬೆನ್ನು ಮಾಡದೆ, ತಲೆ ಬಗ್ಗಿಸಿ, ವಸ್ತ್ರವನ್ನು ಬಿಚ್ಚಿ ಅಲ್ಲೇ ಮಡಿಸಿಟ್ಟೆ. ಪೆಟ್ಟಿಗೆಯನ್ನು ನಿಲುವಂಗಿಯ ಒಳಗೆ, ಬರಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಸೊಂಟಪಟ್ಟಿ ಬಿಗಿದೆ. ಅಯ್ಯೋ, ಆ ಚಳಿ! ಒಳಗಿದ್ದವರು ಒಮ್ಮೆ ಜೋರಾಗಿ ಒದ್ದರು. ಆ ಒದೆತ ಪೆಟ್ಟಿಗೆಗೆ ಬಿತ್ತು.

ಹೊರಗಿನಿಂದ ಟಕ್ ಎಂದು ಕೇಳಿಸಿತು. ಮತ್ತೆ ಟಕ್. ಆಮೇಲೆ ಅಪ್ಪ ಒಳಗೆ ಬಂದರು. ಖೊಯ್ಮೊರನ್ನು ನೋಡಿದರು. ಮಡಿಸಿಟ್ಟ ವಸ್ತ್ರವನ್ನು ನೋಡಿದರು. ಆಮೇಲೆ ನನ್ನನ್ನು.  ಎಷ್ಟು ಕಷ್ಟಪಟ್ಟು ಹೇಳಿದೆ ಗೊತ್ತಾ, "ಅಪ್ಪಾ, ಅದು ಹಿಮದಲ್ಲಿ ಹುಟ್ಟಿದ ಮರಿ ಥರ ಇತ್ತು. ತಣ್ಣಗೆ. ಅದಕ್ಕೇ..."

  ಅವರು ಕೈಗವಸು ತೆಗೆದು ನನ್ನ ಮುಂದೆ ಮಂಡಿಯೂರಿ ಕೂತರು. ಆ ಮೊಣಕಾಲಿನಲ್ಲಿ. "ಒಬ್ಬಳೇ ಇಬ್ಬರನ್ನ ಬೆಚ್ಚಗೆ ಇಟ್ಕೊಂಡಿದ್ದೀಯಲ್ಲ ಮಗಾ. ಒಂದನ್ನ ನಂಗೆ ಕೊಡು" ಎಂದರು.

ಕೊಟ್ಟೆ. ಅವರು ನಿಲುವಂಗಿಯ ಗುಂಡಿ ಬಿಚ್ಚಿ ಅಂಗಿಯನ್ನೂ ಸರಿಸಿ ಬರಿ ಎದೆಗೆ ಅದನ್ನು ಒತ್ತಿಕೊಂಡರು. ಮುದುಕನ ಮೈ ಒಮ್ಮೆ ಝಲ್ಲೆಂದಿತು. "ನಾನು ಅದನ್ನ ದೇವರ ಥರ ಇಟ್ಟೆ. ಇದು ಮರಿ ಥರ ಇರ್ಬೇಕಿತ್ತು" ಎಂದರು. ಅಷ್ಟೇ ಹೇಳಿದ್ದು. ಹೆತ್ತ ಕುರಿ ಮರಿಯನ್ನು ಒಪ್ಪದೆ ಹೋದಾಗ ಹಾಡುತ್ತಾರಲ್ಲ, ಆ ಮಾತಿಲ್ಲದ ಹಾಡು, ಅದನ್ನು ಮೆಲ್ಲಗೆ ಗುನುಗಲು ಶುರು ಮಾಡಿದರು. ತೂಯ್ಗ್, ತೂಯ್ಗ್. ಪೆಟ್ಟಿಗೆಗೆ ಹಾಡುತ್ತಿದ್ದರೋ, ನನಗೋ, ಒಳಗಿದ್ದವರಿಗೋ. ನಾನು ನೋವಿನ ನಡುವೆ ಹಾಡನ್ನು ಹಿಡಿದುಕೊಂಡು ಕೂತೆ. ಹೊರಗೆ ಎಂಜಿನ್ನಿನ ಕೆಳಗೆ ಕೆಂಡ ಉರಿಯುತ್ತಿತ್ತು.

ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತಾದ ಮೇಲೆ ಅವರು ಗುಂಡಿ ಒತ್ತಿದರು. ನಿಲುವಂಗಿಯ ಸಂದಿಯಲ್ಲಿ ಹಸಿರು ದೀಪ. ಒಂದು. ಎರಡು. ಮೂರು.

ನನ್ನನ್ನು ಅಜ್ಜಿ ಹೊರಗೆ ಕರೆತಂದಳು. ಆ ಬೆಳಿಗ್ಗೆಯನ್ನು ಹೇಗೆ ಬರೆಯಲಿ? ಗಾಳಿಯೇ ಇರಲಿಲ್ಲ. ಆಕಾಶದಲ್ಲಿ ಮಂಜಿನ ಕಣಗಳು ಬಿಸಿಲಲ್ಲಿ ಮಿನುಗುತ್ತಾ ನಿಂತಲ್ಲೇ ನಿಂತಿದ್ದವು, ಬೀಳಲು ಮರೆತವರ ಹಾಗೆ. ಕುರಿಗಳ ಉಸಿರು ಹಟ್ಟಿಯ ಮೇಲೆ ಒಂದು ಬಿಳಿ ಗುಡಾರದಂತೆ ಇತ್ತು. ಅಪ್ಪ ಎದೆಯಿಂದ ಪೆಟ್ಟಿಗೆಯನ್ನು ತೆಗೆದರು. ಅದರಿಂದ ಹಬೆ ಎದ್ದಿತು, ತುಮೆನ್. ಅವರ ಎದೆಯ ಬಿಸಿ ಅದು. ಕೆಂಪು ಕೆಂಪಿಗೆ. ಕಪ್ಪು ಕಬ್ಬಿಣಕ್ಕೆ. ಸ್ವಲ್ಪ ಕಾದರು. ಕೀಲಿ ತಿರುಗಿಸಿದರು.

ವ್ಯಾನು ಒಮ್ಮೆ ನರಳಿತು. ಕೆಮ್ಮಿತು. ನಿಂತೇಬಿಟ್ಟಿತು ಎಂದುಕೊಂಡೆ. ಆಮೇಲೆ ಮೈಯೆಲ್ಲ ಅಲುಗಿಸಿ ಎದ್ದಿತು. ಚಾವಣಿಯ ಮೇಲಿನ ಮಂಜು ಒಟ್ಟಿಗೇ ಜಾರಿ ಬಿತ್ತು. ಕುದುರೆಗಳು ತಲೆ ಎತ್ತಿದವು.  ಖಾಂದಾ ಅಜ್ಜಿ ತಲೆಯ ವಸ್ತ್ರ ತೆಗೆದುಬಿಟ್ಟಳು, ದೊಡ್ಡವರು ಯಾರೋ ಎದುರು ಬಂದಂತೆ. ಅಂಗೈಯಷ್ಟು ಬಿಸಿ, ತುಮೆನ್. ಒಬ್ಬ ಮುದುಕನ ಎದೆಯಲ್ಲಿದ್ದ ಅಂಗೈಯಷ್ಟು ಬಿಸಿ. ಅದು ಅಷ್ಟು ದೊಡ್ಡ ಚಳಿಯನ್ನು ಎತ್ತಿ ಪಕ್ಕಕ್ಕೆ ಇಟ್ಟಿತು. ನಾನು ನನ್ನ ನೋವನ್ನು ಮರೆತು ನಿಂತಿದ್ದೆ.

ದಾರಿ ಸುಖವಾಗಲಿ ಎಂದು ಅಜ್ಜಿ ನಮ್ಮ ಹಿಂದೆ ಹಾಲು ಎರಚಿದಳು. ಅದು ನೆಲ ಮುಟ್ಟುವ ಮೊದಲೇ ಮುತ್ತಾಗಿ ಉರುಳಿತು.

ನದಿಯ ಮೇಲಿನ ಮಂಜುಗಡ್ಡೆಯೇ ರಸ್ತೆ. ಅಪ್ಪ ಪೆಟ್ಟಿಗೆಯನ್ನು ಮತ್ತೆ ಎದೆಗೆ ಹಾಕಿಕೊಂಡು ಒಂದು ಕೈಯಲ್ಲಿ ಓಡಿಸಿದರು. ಆಸ್ಪತ್ರೆಯಲ್ಲಿ ಮಗುವನ್ನು ತಿರುಗಿಸಿ ಹೊರಗೆ ತಂದರು. ಹೆಣ್ಣು. ಅಳುವಾಗ ನಿನ್ನ ಹಾಗೆ ಹಣೆ ಸುಕ್ಕು ಮಾಡುತ್ತಾಳೆ. ನರ್ಸು ಅಪ್ಪನಿಗೆ, "ತಾತ, ಒಳಗೆ ಬರಬೇಕಾದ್ರೆ ನಿಲುವಂಗಿ ತೆಗೀರಿ" ಎಂದಳಂತೆ. "ತೆಗೆಯಲ್ಲಮ್ಮ, ಒಳಗೆ ಮರಿ ಇದೆ" ಎಂದರಂತೆ. ಅವಳು ಜಾನುವಾರು ತರುವಂತಿಲ್ಲ ಎಂದು ಜಗಳಕ್ಕೇ ನಿಂತಳಂತೆ.

ನಿನ್ನ ಪತ್ರವನ್ನು ಅಪ್ಪನಿಗೆ ಓದಿದೆ. ಬೆರಳುಗಳ ಸಾಲು ಬಂದಾಗ ನಿಲ್ಲಿಸಬೇಕೆಂದಿದ್ದೆ. "ಓದು" ಎಂದರು. ಓದಿದೆ. ಅವರು ತಮ್ಮ ಕೈಗಳನ್ನು ಮಗುಚಿ ನೋಡಿಕೊಂಡರು. "ಲಗಾಮು ಹಿಡಿಯೋಕೆ ಉಳಿದದ್ದು ಸಾಕು ಅಂತ ಬರಿ" ಎಂದರು. ಆಮೇಲೆ ಪತ್ರವನ್ನು ಇಸಿದುಕೊಂಡು ಬೀಡಿಗೆ ಹೋದರು. ಅಜ್ಜಿ ಹೇಳಿ ಕಳಿಸಿದ್ದಾಳೆ. ನೀಲಿ ವಸ್ತ್ರದಲ್ಲಿ ಈಗ ನಿನ್ನ ಸೊಟ್ಟ ಅಕ್ಷರದ ಪತ್ರ ಕೂತಿದೆಯಂತೆ. ಇದಕ್ಕೆ ಚಳಿ ತಾಗೋದಿಲ್ಲ ಎನ್ನುತ್ತಾರಂತೆ. ಪೆಟ್ಟಿಗೆ ಮಾತ್ರ ಅವರ ಎದೆ ಬಿಟ್ಟು ಇಳಿಯುವುದಿಲ್ಲವಂತೆ.

ದೆನ್ಸ್ಮಾ ಅಕ್ಕನಿಗೆ ಒಂದು ಚೀಲ ಒಣ ಗಿಣ್ಣು ಕಳಿಸುತ್ತೇನೆ. ನಾನು ಮನಸ್ಸಿನಲ್ಲಿ ಅವರನ್ನು ಏನೇನು ಬೈದೆ ಎಂದು ಹೇಳಬೇಡ.

ನಿನ್ನ ಬೆರಳು ನೋಯುತ್ತಿವೆಯೇ? ಚೆನ್ನಾಗಿದ್ದೇನೆ ಎಂದು ಬರೆಯಬೇಡ. ಹೇಗಿದೆಯೋ ಹಾಗೆ ಬರೆ.

ಉರ್ನಾ

---

ತ್ಸಗಾನ್ ಖಾದ್
ಫೆಬ್ರವರಿ 6

ಉರ್ನಾ,

ನೋಯುತ್ತಿವೆ. ಇಲ್ಲದ ತುದಿಗಳೂ ನೋಯುತ್ತವೆ.

ಫೋನ್ ಬಂದಾಗ ನಾನು ಲಾರಿಗಳ ಸಾಲಿನ ನಡುವೆ ಇದ್ದೆ, ಎದೆಯಲ್ಲಿ ದೊಡ್ಡ ಪೆಟ್ಟಿಗೆ. ಎಲ್ಲ ಎಂಜಿನ್‌ಗಳೂ ಗುಡುಗುತ್ತಿದ್ದವು. ಅಪ್ಪನ ಹೆಸರು ನೋಡಿ ಕಿವಿಗೆ ಒತ್ತಿಕೊಂಡೆ. ಏನೂ ಕೇಳಿಸಲಿಲ್ಲ. ಪಕ್ಕದ ಲಾರಿಯವನಿಗೆ ಕೂಗಿದೆ, "ಅಣ್ಣಾ, ನಿಲ್ಸು! ನನ್ನ ಮಗು!" ಈ ಚಳಿಯಲ್ಲಿ ಯಾರೂ ಎಂಜಿನ್ ನಿಲ್ಲಿಸುವುದಿಲ್ಲ ಉರ್ನಾ. ಪ್ರಾಣ ಬೇಕಾದರೆ ಕೇಳಬಹುದು, ಅದನ್ನು ಕೇಳಬಾರದು. ಅವನು ಒಂದು ಕ್ಷಣ ನನ್ನನ್ನು ನೋಡಿದ. ಕೀಲಿ ತಿರುಗಿಸಿ ಆರಿಸಿದ. ಅವನ ಹಿಂದಿನವನು ಆರಿಸಿದ. ಮುಂದಿನವನು ಆರಿಸಿದ. ಯಾಕೆ ಎಂದು ಕೇಳದೆ, ಒಬ್ಬರ ಹಿಂದೆ ಒಬ್ಬರು, ಸಾಲಿನುದ್ದಕ್ಕೂ. ಇಲ್ಲಿಗೆ ಬಂದ ಮೇಲೆ ಮೊದಲ ಬಾರಿ ನಾನು ಈ ಜಾಗದ ಮೌನವನ್ನು ಕೇಳಿದೆ.

ಅದರಲ್ಲಿ ಅವಳು ಅತ್ತಳು.

ಲೈನ್ ಹೋದ ಮೇಲೂ ಯಾರೂ ಕೀಲಿ ಮುಟ್ಟಲಿಲ್ಲ. ಆಮೇಲೆ ಯಾರೋ ದೂರದಿಂದ ಕೂಗಿದ, "ಗಂಡೋ ಹೆಣ್ಣೋ?" ಗೊತ್ತಿಲ್ಲ ಎಂದೆ. "ಗೊತ್ತಿಲ್ದೇನೇ ನಮ್ಮನ್ನೆಲ್ಲ ನಿಲ್ಸಿದ್ಯಾ, ಕತ್ತೆ!" ಎಂದು ಇನ್ನೊಬ್ಬ. ಸಾಲೆಲ್ಲ ನಕ್ಕಿತು. ಒಂದೊಂದಾಗಿ ಎಂಜಿನ್‌ಗಳು ಎದ್ದವು. ಮೂರು ಏಳಲಿಲ್ಲ. ನಾನು ಗುಂಡಿ ಬಿಚ್ಚಿ ಪೆಟ್ಟಿಗೆ ತೆಗೆದೆ. ಆ ಮೂವರೂ ಸರದಿಯ ಮೇಲೆ ಅದನ್ನು ತಮ್ಮ ತಮ್ಮ ಎದೆಯಲ್ಲಿ ಹೊತ್ತುಕೊಂಡು ಒಬ್ಬರ ಲಾರಿಯಿಂದ ಇನ್ನೊಬ್ಬರ ಲಾರಿಗೆ ನಡೆದರು. ಮೂರೂ ಏಳುವವರೆಗೆ ಅವರು ಅದನ್ನು ನನಗೆ ಕೊಡಲಿಲ್ಲ.

ಶಾರವ್ ಅಣ್ಣನ ವ್ಯಾನಿನಲ್ಲಿ ಜಾಗ ಹಿಡಿದಿದ್ದೇನೆ. ಹೊಸ ವರ್ಷದ ಬಿಳಿ ತಿಂಗಳು ಹುಟ್ಟುವ ಮೊದಲು ಬರುತ್ತೇನೆ. ಮಗಳನ್ನು ಮುಟ್ಟುವ ಮೊದಲು ನನ್ನ ಕೈಯನ್ನು ಎಲ್ಲಿ ಬೆಚ್ಚಗೆ ಮಾಡಿಕೊಳ್ಳಲಿ ಎಂದು ಅಪ್ಪನನ್ನು ಕೇಳು.

ತುಮೆನ್